ಉದ್ದನೆಯ ಇಂಗ್ಲಿಷ್ ಪದವನ್ನು ಬಾಲದಿಂದ ಹಿಡಿಯಿರಿ

ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್ ಮಾಡಿಸಿಕೊಂಡವರ ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಲ್ಯಾಪರೋಸ್ಕೋಪಿಕ್ ಕೋಲಿಸಿಸ್ಟೆಕ್ಟಮಿ’ ಅಂತ ಬರೆದಿರುತ್ತಾರೆ. ಇನ್ಶೂರೆನ್ಸ್ ಫಾರಂ ತುಂಬುವಾಗ ಅದೇ ಪದ ಬರೆಯಬೇಕು. ಫೋನಿನಲ್ಲಿ ಕೇಳಿದರೆ ಅದನ್ನೇ ಹೇಳಬೇಕು. ಎಷ್ಟೋ ಜನ ಮೊದಲ ಎರಡು ಮೂರು ಅಕ್ಷರ ಓದಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅವರಿಗೆ ಇಂಗ್ಲಿಷ್ ಓದಲು ಬರುತ್ತದೆ. ಇಷ್ಟುದ್ದದ ಪದವನ್ನು ಎಲ್ಲಿ ಬಿಡಿಸಬೇಕು ಅಂತ ಯಾರೂ ತೋರಿಸಿಕೊಟ್ಟಿರುವುದಿಲ್ಲ, ಅಷ್ಟೇ.

ಉದ್ದ ಪದವನ್ನು ಎರಡು ಸಲ ಬಿಡಿಸಬೇಕು. ಒಂದು ಸಲ ಬಾಯಿಗಾಗಿ, ಇನ್ನೊಂದು ಸಲ ಅರ್ಥಕ್ಕಾಗಿ. ಬಾಯಿಗಾಗಿ ಬಿಡಿಸಿದರೆ ಸಿಲಬಲ್‌ಗಳು ಸಿಗುತ್ತವೆ. ಅರ್ಥಕ್ಕಾಗಿ ಬಿಡಿಸಿದರೆ ಪದದ ಭಾಗಗಳು ಸಿಗುತ್ತವೆ. ಈ ಎರಡು ಬಗೆಯ ತುಂಡುಗಳು ಬಹಳ ಸಲ ಒಂದೇ ಜಾಗದಲ್ಲಿ ಮುರಿಯುವುದಿಲ್ಲ. ಅದಕ್ಕೇ ಗೊಂದಲ ಆಗುವುದು. ಆದರೆ ಎರಡಕ್ಕೂ ಸಹಾಯ ಮಾಡುವ ಜಾಗ ಒಂದೇ: ಪದದ ಬಾಲ.

ಕೆಳಗಿನ ಉದಾಹರಣೆಗಳಲ್ಲಿ ಸಿಲಬಲ್‌ಗಳ ನಡುವೆ ಅಡ್ಡಗೆರೆ ಹಾಕಿದ್ದೇನೆ. ಒತ್ತು ಬೀಳುವ, ಅಂದರೆ ಎದ್ದು ಕೇಳಿಸುವ, ತುಂಡಿನ ಎಡಕ್ಕೆ ˈ ಗುರುತು ಇದೆ. ಡಿಕ್ಷನರಿಗಳಲ್ಲೂ ಇದೇ ಗುರುತು ಇರುತ್ತದೆ.

ಮೊದಲ ಹೆಜ್ಜೆ: ಸ್ವರ ಎಣಿಸಿ

ಒಂದು ಸಿಲಬಲ್ ಅಂದರೆ ಒಂದು ಸ್ವರದ ಸದ್ದು, ಜೊತೆಗೆ ಅದಕ್ಕೆ ಅಂಟಿಕೊಂಡ ವ್ಯಂಜನಗಳು. ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ವಾ? ಸ್ವರವಿಲ್ಲದ ವ್ಯಂಜನ ಬಂದರೆ ಅದನ್ನು ಹಿಂದಿನ ಅಕ್ಷರಕ್ಕೆ ಸೇರಿಸಿ ಗುರು ಅಂತ ಗುರುತು ಹಾಕುತ್ತಿದ್ದೆವು. ‘ಅಮ್ಮ’ ಅಂತ ಬರೆಯುವಾಗ ‘ಅ’ ಒಂದು ಕಡೆ, ‘ಮ್ಮ’ ಒಂದು ಕಡೆ. ಹೇಳುವಾಗ ಮಾತ್ರ ಅಮ್-ಮ. ಅದಕ್ಕೇ ಮೊದಲ ಅಕ್ಷರ ಗುರು. ಇಂಗ್ಲಿಷ್ ಸಿಲಬಲ್ ಹಿಡಿಯಲು ಬೇಕಾದ ಕಿವಿ ಇದೇ. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದು ಆಗಲೇ ಇದೆ.

ಸ್ಪೆಲ್ಲಿಂಗ್ ನೋಡಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ‘ಏರಿಯಾ’ ಪದದಲ್ಲಿ ಇರುವುದು 4 ಲೆಟರ್, ಸಿಲಬಲ್ 3. ‘ಸ್ಟ್ರೆಂಗ್ತ್ಸ್’ ಪದದಲ್ಲಿ 9 ಲೆಟರ್ ಇವೆ, ಸಿಲಬಲ್ ಒಂದೇ ಒಂದು. ಅನುಮಾನ ಬಂದರೆ ಗಲ್ಲದ ಕೆಳಗೆ ಅಂಗೈ ಇಟ್ಟುಕೊಂಡು ಪದವನ್ನು ನಿಧಾನವಾಗಿ ಹೇಳಿ. ಸ್ವರ ಬಂದಾಗೆಲ್ಲ ದವಡೆ ಕೆಳಗಿಳಿಯುತ್ತದೆ. ಎಷ್ಟು ಸಲ ಇಳಿಯಿತೋ ಸುಮಾರಾಗಿ ಅಷ್ಟು ಸಿಲಬಲ್.

ನಾವು ಕನ್ನಡದವರು ಎಚ್ಚರ ವಹಿಸಬೇಕಾದ ವಿಷಯ ಒಂದಿದೆ. ನಮ್ಮ ಭಾಷೆಗೆ ಪದದ ಕೊನೆಯಲ್ಲಿ ಸ್ವರ ಬೇಕು. ಬಸ್ಸು, ಕಾರು, ಸ್ಕೂಲು ಎಲ್ಲ ಆದದ್ದು ಹಾಗೆ. ಕನ್ನಡ ಮಾತಾಡುವಾಗ ಅದೇ ಸರಿ, ಅದನ್ನು ತಿದ್ದಲು ಹೋಗಬಾರದು. ಇಂಗ್ಲಿಷ್ ಮಾತಾಡುವಾಗ ಮಾತ್ರ ಹಾಗೆ ಸೇರಿದ ಸ್ವರ ಒಂದು ಹೊಸ ಸಿಲಬಲ್ ಆಗಿ ಕೂರುತ್ತದೆ. ಭೂತಕಾಲದ ‘ಎಡ್’ನಲ್ಲೂ ಹೀಗೇ ಆಗುತ್ತದೆ. ‘ವಾಕ್’ನ ಭೂತಕಾಲ ‘ವಾಕ್ಟ್’, ಒಂದೇ ಸಿಲಬಲ್. ‘ಡೆವಲಪೆಡ್’ ಅನ್ನಬಾರದು, ‘ಡಿವೆಲಪ್ಟ್’ ಅನ್ನಬೇಕು. ಕ್ರಿಯಾಪದ ‘ಟ’ ಅಥವಾ ‘ಡ’ ಸದ್ದಿನಲ್ಲಿ ಮುಗಿದಿದ್ದರೆ ಮಾತ್ರ ಹೊಸ ಸಿಲಬಲ್ ಸೇರುತ್ತದೆ: ವಾಂಟ್, ವಾನ್-ಟಿಡ್. ನೀಡ್, ನೀ-ಡಿಡ್.

ಇದರ ತಿರುಗುಮುರುಗು ಪದಗಳೂ ಇವೆ. ಬರೆದದ್ದಕ್ಕಿಂತ ಕಡಿಮೆ ಹೇಳಬೇಕಾದವು. ‘ಕಂಫರ್ಟಬಲ್’ ಅನ್ನು ˈಕಂಫ್-ಟ-ಬಲ್ ಅಂತಾರೆ, ಮೂರೇ ತುಂಡು. ‘ವೆಜಿಟಬಲ್’ ˈವೆಜ್-ಟ-ಬಲ್. ಅದರಲ್ಲಿ ಊಟದ ಟೇಬಲ್ ಇಲ್ಲ.

ಎರಡನೇ ಹೆಜ್ಜೆ: ಒತ್ತು ಎಲ್ಲಿದೆ ನೋಡಿ

‘ಒತ್ತು’ ಅಂದ ಕೂಡಲೇ ನಮಗೆ ಒತ್ತಕ್ಷರ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಅದಲ್ಲ. ಇಂಗ್ಲಿಷಿನಲ್ಲಿ ಎರಡು ಅಥವಾ ಹೆಚ್ಚು ಸಿಲಬಲ್ ಇರುವ ಪದದಲ್ಲಿ ಒಂದು ಸಿಲಬಲ್ ಎದ್ದು ಕಾಣಿಸುತ್ತದೆ. ಅದು ಸ್ವಲ್ಪ ಉದ್ದ, ಸ್ವಲ್ಪ ಜೋರು, ಸ್ವಲ್ಪ ಮೇಲಿನ ಶ್ರುತಿ. ಉಳಿದವು ಮಂಕಾಗುತ್ತವೆ. ಮಂಕಾದ ಕಡೆ ಸ್ವರ ಎಷ್ಟು ಸಣ್ಣದಾಗುತ್ತದೆ ಅಂದರೆ, ‘ಓ’ ಇರಲಿ ‘ಎ’ ಇರಲಿ, ಎಲ್ಲ ಒಂದು ಸಡಿಲವಾದ ‘ಅ’ ಥರ ಕೇಳಿಸುತ್ತದೆ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ಮರ್ಯಾದೆ ಕೊಡುತ್ತೇವೆ. ಆ ಅಭ್ಯಾಸದಲ್ಲೇ ಇಂಗ್ಲಿಷ್ ಪದವನ್ನೂ ಸಮನಾಗಿ ಹೇಳಿಬಿಡುತ್ತೇವೆ.

ಒಂದು ಕುಟುಂಬದ ಮೂರು ಪದಗಳನ್ನು ಹತ್ತಿರದಿಂದ ನೋಡಿ.

ˈಫೋ-ಟ-ಗ್ರಾಫ್
ಫ-ˈಟಾಗ್-ರ-ಫಿ
ಫೋ-ಟ-ˈಗ್ರ್ಯಾ-ಫಿಕ್

ಒತ್ತು ಮೊದಲನೆಯದರಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಯಿತು. ಒತ್ತು ಬಿಟ್ಟುಹೋದ ಕಡೆ ‘ಫೋ’ ಬಡವಾಗಿ ‘ಫ’ ಆಯಿತು. ಒತ್ತು ಬಂದ ಕಡೆ ‘ಟ’ ಅರಳಿ ‘ಟಾ’ ಆಯಿತು. ‘ಫೋಟೋ-ಗ್ರಾಫಿ’ ಅಂತ ನಾವು ಹೇಳುವುದು ಸ್ಪೆಲ್ಲಿಂಗ್ ನೋಡಿ, ಇಂಗ್ಲಿಷಿನವರು ಹೇಳುವುದು ಒತ್ತು ನೋಡಿ.

ನಮ್ಮ ನಮ್ಮಲ್ಲಿ ಮಾತಾಡುವಾಗ ˈಡೆವಲಪ್ ಅಂದರೂ ಡಿ-ˈವೆ-ಲಪ್ ಅಂದರೂ ಅರ್ಥವಾಗುತ್ತದೆ. ಅದಕ್ಕೆ ನಾಚಿಕೊಳ್ಳಬೇಕಾದ್ದೇನೂ ಇಲ್ಲ. ಆದರೆ ಹೊರದೇಶದ ಕಿವಿ ಮೊದಲು ಹುಡುಕುವುದು ಒತ್ತನ್ನು. ‘ವ’ ಸದ್ದು ಸ್ವಲ್ಪ ಬೇರೆಯಾದರೆ ಅವರು ಸುಧಾರಿಸಿಕೊಳ್ಳುತ್ತಾರೆ. ಒತ್ತು ಬೇರೆ ಕಡೆ ಬಿದ್ದರೆ ಬೇರೆ ಪದವನ್ನೇ ಹುಡುಕಲು ಹೋಗುತ್ತಾರೆ. ವಿದೇಶಿ ಕ್ಲೈಂಟ್ ಜೊತೆ ಕಾಲ್‌ನಲ್ಲಿ ಇರುವವರು, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರು ಇದಕ್ಕೆ ಸಮಯ ಕೊಡಬೇಕು. ಆ ಪರೀಕ್ಷೆಯ ಸ್ಪೀಕಿಂಗ್ ಭಾಗದಲ್ಲಿ ಅಳೆಯುವ 4 ಅಂಶಗಳಲ್ಲಿ ಉಚ್ಚಾರಣೆಯೂ ಒಂದು.

ಮೂರನೇ ಹೆಜ್ಜೆ: ಬಾಲ ನೋಡಿ, ಒತ್ತು ಹೇಳಿ

ಪ್ರತಿ ಪದದ ಒತ್ತನ್ನೂ ಬಾಯಿಪಾಠ ಮಾಡಬೇಕಿಲ್ಲ. ಉದ್ದ ಪದಗಳಲ್ಲಿ ಒತ್ತು ಎಲ್ಲಿ ಬೀಳಬೇಕು ಅಂತ ಬಹುಪಾಲು ಬಾಲವೇ ಹೇಳುತ್ತದೆ. ಈ ಹೆಜ್ಜೆ ಕಲಿತರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಹಾಗಾಗಿ ನಿಧಾನವಾಗಿ ನೋಡೋಣ.

ಕೆಲವು ಬಾಲಗಳು ಒತ್ತನ್ನು ತಮ್ಮ ಪಕ್ಕಕ್ಕೇ ಎಳೆದುಕೊಳ್ಳುತ್ತವೆ. ‘ಷನ್’, ‘ಇಕ್’, ‘ಇಟಿ’, ‘ಷಲ್’ ಇವು ಆ ಜಾತಿ. ಬಾಲಕ್ಕಿಂತ ತಕ್ಷಣ ಹಿಂದಿನ ಸಿಲಬಲ್‌ಗೆ ಒತ್ತು. ˈಎ-ಜು-ಕೇಟ್ ಪದಕ್ಕೆ ‘ಷನ್’ ಸೇರಿದರೆ ಎ-ಜು-ˈಕೇ-ಷನ್. ಕರೆಂಟಿನ ಪದಗಳನ್ನೇ ತೆಗೆದುಕೊಳ್ಳಿ: ಇ-ˈಲೆಕ್-ಟ್ರಿಕ್, ಇ-ಲೆಕ್-ˈಟ್ರಿ-ಸಿ-ಟಿ, ಇ-ಲೆಕ್-ˈಟ್ರಿ-ಷನ್. ಬಾಲ ಬದಲಾದ ಹಾಗೆ ಒತ್ತು ಅದರ ಹಿಂದೆಯೇ ಸರಿಯುತ್ತಾ ಹೋಗುತ್ತದೆ. ‘ಇಕ್’ಗೆ ಅಪವಾದಗಳಿವೆ. ˈಪಾ-ಲ-ಟಿಕ್ಸ್, ˈಕ್ಯಾ-ಥ-ಲಿಕ್, ಅ-ˈರಿತ್-ಮ-ಟಿಕ್. ಹೆಚ್ಚೇನಿಲ್ಲ, ಎದುರಾದಾಗ ಕಲಿತರೆ ಸಾಕು.

ಇನ್ನು ಕೆಲವು ಬಾಲಗಳಿದ್ದರೆ ಕೊನೆಯಿಂದ ಮೂರನೇ ಸಿಲಬಲ್ ಎಣಿಸಬೇಕು. ‘ಲಜಿ’, ‘ಗ್ರಫಿ’, ‘ಕ್ರಸಿ’, ‘ಸ್ಕೋಪಿ’ ಹೀಗೆ. ಬೈ-ˈಆ-ಲ-ಜಿ. ಡಿ-ˈಮಾಕ್-ರ-ಸಿ. ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡುವ ‘ಎಂಡೋಸ್ಕೋಪಿ’ ಇಂಗ್ಲಿಷಿನಲ್ಲಿ ಎನ್-ˈಡಾಸ್-ಕ-ಪಿ. ಅದೇ ಪದಕ್ಕೆ ‘ಇಕ್’ ಬಾಲ ಬಂದರೆ ಮೊದಲ ಗುಂಪಿನ ನಿಯಮ ಹಿಡಿಯುತ್ತದೆ: ಎನ್-ಡ-ˈಸ್ಕಾ-ಪಿಕ್.

ಮೂರನೇ ಜಾತಿಯ ಬಾಲಗಳು ಒತ್ತನ್ನು ತಾವೇ ಇಟ್ಟುಕೊಳ್ಳುತ್ತವೆ. ಎನ್-ಜಿ-ˈನಿಯರ್, ವಾ-ಲನ್-ˈಟಿಯರ್, ಜ್ಯಾ-ಪ-ˈನೀಸ್, ರೆ-ಫ್ಯು-ˈಜೀ. ಕಾಯಿಲೆಯ ಹೆಸರಿನಲ್ಲಿ ಬರುವ ‘ಐಟಿಸ್’ ಕೂಡ ಇದೇ ಗುಂಪು, ಒತ್ತು ಅದರ ‘ಐ’ ಮೇಲೆ. ಗ್ಯಾಸ್-ˈಟ್ರೈ-ಟಿಸ್, ಹೆ-ಪ-ˈಟೈ-ಟಿಸ್, ಆರ್-ˈಥ್ರೈ-ಟಿಸ್. ಕೊನೆಯ ಪದವನ್ನು ತುಂಬಾ ಜನ ‘ಆರ್ಥರೈಟಿಸ್’ ಅಂತಾರೆ. ನಡುವೆ ಒಂದು ಸ್ವರ ನುಗ್ಗಿ ಮೂರು ಸಿಲಬಲ್ ನಾಲ್ಕಾಗಿದೆ.

ಉಳಿದದ್ದು ಒತ್ತಿನ ಗೊಡವೆಗೇ ಹೋಗದ ಬಾಲಗಳು: ‘ಮೆಂಟ್’, ‘ನೆಸ್’, ‘ಫುಲ್’, ‘ಲೆಸ್’, ‘ಲಿ’, ‘ಇಂಗ್’, ‘ಇಸಂ’. ಡಿ-ˈವೆ-ಲಪ್ ಹೇಗೋ ಡಿ-ˈವೆ-ಲಪ್-ಮೆಂಟ್ ಹಾಗೇ. ಇಂಥ ಬಾಲ ಕಂಡರೆ ಮೊದಲು ಅದನ್ನು ಬೆರಳಲ್ಲಿ ಮುಚ್ಚಿ. ಉಳಿದ ಪದದ ಒತ್ತು ಗೊತ್ತುಮಾಡಿ. ಆಮೇಲೆ ಬೆರಳು ತೆಗೆಯಿರಿ.

ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ‘ಐ 18 ಎನ್’ ಅನ್ನುವ ಗುರುತು ಓಡಾಡುತ್ತಿರುತ್ತದೆ. 20 ಲೆಟರ್‌ಗಳ ‘ಇಂಟರ್‌ನ್ಯಾಷನಲೈಸೇಷನ್’ ಬರೆಯಲು ಬೇಜಾರಾಗಿ ಮೊದಲ ಮತ್ತು ಕೊನೆಯ ಲೆಟರ್ ಉಳಿಸಿಕೊಂಡು, ನಡುವಿನ 18ನ್ನು ಬರೀ ಅಂಕಿಯಾಗಿ ಬರೆದದ್ದು ಅದು. ಆ ಪದ ಹೇಗೆ ಬೆಳೆಯಿತು ನೋಡಿ.

ˈನೇ-ಷನ್
ˈನ್ಯಾ-ಷ-ನಲ್
ನ್ಯಾ-ಷ-ˈನ್ಯಾ-ಲಿ-ಟಿ
ಇನ್-ಟರ್-ˈನ್ಯಾ-ಷ-ನಲ್
ಇನ್-ಟರ್-ನ್ಯಾ-ಷ-ನ-ಲೈ-ˈಜೇ-ಷನ್

ಕೊನೆಯದರಲ್ಲಿ 8 ಸಿಲಬಲ್ ಇವೆ. ನೋಡಿದರೆ ಭಯವಾಗುತ್ತದೆ, ಆದರೆ ಬಾಲ ‘ಷನ್’. ಅದರ ಹಿಂದಿನದು ‘ಜೇ’. ಒತ್ತು ಸಿಕ್ಕಿತು. ಇಷ್ಟುದ್ದದ ಪದಗಳಲ್ಲಿ ಮುಖ್ಯ ಒತ್ತಿನ ಜೊತೆ ಒಂದೆರಡು ಸಣ್ಣ ಒತ್ತುಗಳೂ ಇರುತ್ತವೆ. ಇಲ್ಲಿ ಮೊದಲ ‘ಇನ್’ ಮೇಲೆ, ಆಮೇಲೆ ‘ನ್ಯಾ’ ಮೇಲೆ. ಡಿಕ್ಷನರಿಯಲ್ಲಿ ಸಣ್ಣ ಒತ್ತಿಗೆ ಗೆರೆಯನ್ನು ಕೆಳಗೆ ಹಾಕಿರುತ್ತಾರೆ, ˌ ಹೀಗೆ. ಮುಖ್ಯ ಒತ್ತು ಸರಿಯಾಗಿದ್ದರೆ ಸಣ್ಣವು ತಾವಾಗೇ ಜಾಗಕ್ಕೆ ಬರುತ್ತವೆ.

ಸಣ್ಣ ಪದಗಳಿಗೆ ಒಂದು ಮಾತು. ಒಂದೇ ಸ್ಪೆಲ್ಲಿಂಗ್ ನಾಮಪದವೂ ಕ್ರಿಯಾಪದವೂ ಆದಾಗ ಒತ್ತು ಅವುಗಳನ್ನು ಬೇರೆ ಮಾಡುತ್ತದೆ. ಆರ್‌ಟಿಒ ಕೊಡುವುದು ˈಪರ್-ಮಿಟ್. ಅನುಮತಿ ಕೊಡುವ ಕ್ರಿಯೆ ಪರ್-ˈಮಿಟ್. ˈರೆ-ಕಾರ್ಡ್, ರಿ-ˈಕಾರ್ಡ್ ಕೂಡ ಹಾಗೇ.

ನಾಲ್ಕನೇ ಹೆಜ್ಜೆ: ಈಗ ಅರ್ಥಕ್ಕಾಗಿ ಬಿಡಿಸಿ

ಉದ್ದ ಪದ ಬಿಡಿಸುವುದು ನಮಗೆ ಹೊಸದಲ್ಲ. ‘ಮನೆಗಳಲ್ಲಿರುವವರಿಗೂ’ ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಅದರಲ್ಲಿ ಮನೆ, ಗಳು, ಅಲ್ಲಿ, ಇರುವ, ಅವರು, ಗೆ, ಊ ಎಲ್ಲ ಇವೆ. ಯಾರಿಗೂ ಅದು ಕಷ್ಟ ಅನ್ನಿಸುವುದಿಲ್ಲ. ಇಂಗ್ಲಿಷಿನ ಉದ್ದ ಪದಗಳಲ್ಲಿ ತೊಡಕು ಏನಂದರೆ, ಅವುಗಳ ಭಾಗಗಳು ಹೆಚ್ಚಾಗಿ ಗ್ರೀಕ್, ಲ್ಯಾಟಿನ್‌ನಿಂದ ಬಂದವು. ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡುವವರೂ ಅವನ್ನು ಕಲಿತೇ ತಿಳಿಯಬೇಕು.

ಇಲ್ಲೂ ಬಾಲದಿಂದ ಶುರು ಮಾಡಿ. ಯಾಕಂದರೆ ಇದು ಯಾವ ಥರದ ವಿಷಯ ಅಂತ ಹೇಳುವುದು ಬಾಲ. ಆಸ್ಪತ್ರೆಯ ಕಾಗದಗಳಿಗೆ ಈ ಕೆಲವು ಗೊತ್ತಿದ್ದರೂ ಸಾಕು. ‘ಐಟಿಸ್’ ಅಂದರೆ ಉರಿಯೂತ. ‘ಎಕ್ಟಮಿ’ ಅಂದರೆ ಕತ್ತರಿಸಿ ತೆಗೆಯುವುದು. ‘ಆಟಮಿ’ ಅಂದರೆ ಬರೀ ಕೊಯ್ಯುವುದು. ‘ಆಸ್ಟಮಿ’ ಅಂದರೆ ಹೊರಕ್ಕೆ ಒಂದು ದಾರಿ ಮಾಡುವುದು. ಈ ಮೂರೂ ಕಿವಿಗೆ ಹತ್ತಿರ, ಅರ್ಥ ಮಾತ್ರ ದೂರ. ‘ಸ್ಕೋಪಿ’ ಅಂದರೆ ನೋಡುವುದು. ‘ಗ್ರಾಂ’ ಅಂದರೆ ದಾಖಲಾದದ್ದು. ‘ಈಮಿಯಾ’ ಬಂದರೆ ರಕ್ತದ ವಿಷಯ.

ಈಗ ಆ ಡಿಸ್ಚಾರ್ಜ್ ಸಮ್ಮರಿಯನ್ನು ತೆಗೆಯಿರಿ. ‘ಕೋಲಿಸಿಸ್ಟೆಕ್ಟಮಿ’. ಬಾಲ ‘ಎಕ್ಟಮಿ’, ಅಂದರೆ ಏನನ್ನೋ ತೆಗೆದಿದ್ದಾರೆ. ಏನನ್ನು? ಅದರ ಹಿಂದೆ ‘ಸಿಸ್ಟ್’ ಇದೆ, ಚೀಲ. ಯಾವ ಚೀಲ? ‘ಕೋಲಿ’, ಅಂದರೆ ಪಿತ್ತ. ಪಿತ್ತದ ಚೀಲವನ್ನು ತೆಗೆದಿದ್ದಾರೆ. ನಮ್ಮ ‘ಪಿತ್ತಕೋಶ’ವೂ ಇದೇ ಜೋಡಣೆ. ಕಲ್ಲನ್ನಷ್ಟೇ ತೆಗೆದರು ಅಂತ ಮನೆಯವರು ಅಂದುಕೊಂಡಿರುತ್ತಾರೆ, ಕಲ್ಲಿನ ಜೊತೆ ಕೋಶವೂ ಹೋಗಿದೆ ಅಂತ ಆ ಬಾಲ ಹೇಳುತ್ತಿದೆ. ಇನ್ನು ‘ಲ್ಯಾಪರೋಸ್ಕೋಪಿಕ್’: ‘ಲ್ಯಾಪರೋ’ ಹೊಟ್ಟೆಯ ಭಾಗ, ‘ಸ್ಕೋಪ್’ ನೋಡುವ ಸಾಧನ, ‘ಇಕ್’ ವಿಶೇಷಣದ ಬಾಲ. ಸಣ್ಣ ತೂತು ಮಾಡಿ, ಒಳಗೆ ನೋಡುತ್ತಾ ಮಾಡಿದ ಆಪರೇಷನ್. ಹೇಳುವುದು ಹೇಗೆ? ‘ಇಕ್’ ಇದೆ, ಹಿಂದಿನದಕ್ಕೆ ಒತ್ತು: ಲ್ಯಾ-ಪ-ರ-ˈಸ್ಕಾ-ಪಿಕ್. ‘ಎಕ್ಟಮಿ’ ಇದ್ದರೆ ಕೊನೆಯಿಂದ ಮೂರನೆಯದು: ಕೋ-ಲಿ-ಸಿ-ˈಸ್ಟೆಕ್-ಟ-ಮಿ.

ಪದದ ತಲೆಯಲ್ಲಿ ಬರುವ ಉಪಸರ್ಗಗಳಲ್ಲಿ ‘ಹೈಪೋ’, ‘ಹೈಪರ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಹೈಪೋ ಅಂದರೆ ಕಡಿಮೆ, ಹೈಪರ್ ಅಂದರೆ ಹೆಚ್ಚು. ಹೈಪೋಥೈರಾಯ್ಡಿಸಂನಲ್ಲಿ ಥೈರಾಯ್ಡ್ ಕೆಲಸ ಕುಗ್ಗಿದೆ, ಹೈಪರ್‌ಥೈರಾಯ್ಡಿಸಂನಲ್ಲಿ ಅತಿಯಾಗಿದೆ. ಹೈಪೋಗ್ಲೈಸೀಮಿಯಾ ಅಂದರೆ ಶುಗರ್ ಇಳಿದಿದೆ, ಹೈಪರ್‌ಗ್ಲೈಸೀಮಿಯಾ ಅಂದರೆ ಏರಿದೆ. ಒಂದು ಲೆಟರ್ ಜೋಡಿಯಲ್ಲಿ ಚಿಕಿತ್ಸೆಯೇ ತಲೆಕೆಳಗಾಗುತ್ತದೆ. ಫೋನಿನಲ್ಲಿ ಹೇಳುವಾಗ ಈ ತಲೆಯನ್ನು ಬಿಡಿಸಿ, ತಡೆದು ಹೇಳಿ. ನೆನಪಿಟ್ಟುಕೊಳ್ಳಲು ನಮಗೊಂದು ಅನುಕೂಲ ಇದೆ. ಗ್ರೀಕಿನ ಹೈಪೋ ಮತ್ತು ಸಂಸ್ಕೃತದ ‘ಉಪ’ ಒಂದೇ ಬೇರಿನವು. ಹೈಪರ್ ಮತ್ತು ‘ಉಪರಿ’ ಕೂಡ ಒಂದೇ ಬೇರಿನವು. ಉಪರಿ ಅಂದರೆ ಮೇಲೆ. ಹೀಗೇ ‘ಡೆಂಟಿಸ್ಟ್’ನಲ್ಲಿ ದಂತ ಇದೆ. ‘ಅನೀಮಿಯಾ’ದ ‘ಅನ್’ ನಮ್ಮ ‘ಅನಗತ್ಯ’ದ ‘ಅನ್’ನ ನೆಂಟ. ರಕ್ತ ಸಾಲದು ಅನ್ನುವುದನ್ನು ‘ರಕ್ತ ಇಲ್ಲ’ ಅಂತ ಹೇಳುವ ಪದ ಅದು.

ಐದನೇ ಹೆಜ್ಜೆ: ಎರಡನ್ನೂ ಬೆರೆಸಬೇಡಿ

‘ಡಯಾಗ್ನೋಸಿಸ್’ ನೋಡಿ. ಅರ್ಥಕ್ಕೆ ಬಿಡಿಸಿದರೆ ಡಯಾ ಮತ್ತು ಗ್ನೋಸಿಸ್. ‘ಗ್ನೋ’ ಅಂದರೆ ತಿಳಿ, ನಮ್ಮ ‘ಜ್ಞಾನ’ದ ‘ಜ್ಞಾ’ ಇದರ ಸಂಬಂಧಿ. ಬಾಯಿಗೆ ಬಿಡಿಸಿದರೆ ಡೈ-ಅಗ್-ˈನೋ-ಸಿಸ್. ‘ಗ’ ಹಿಂದಿನ ತುಂಡಿಗೆ ಹೋಯಿತು. ‘ಹೆಲಿಕಾಪ್ಟರ್’ ಇನ್ನೂ ಚೆನ್ನಾಗಿ ತೋರಿಸುತ್ತದೆ. ಬಾಯಿಗೆ ಅದು ˈಹೆ-ಲಿ-ಕಾಪ್-ಟರ್. ಹೀಗಾಗಿ ಹೆಲಿ ಒಂದು, ಕಾಪ್ಟರ್ ಒಂದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾದ ಭಾಗಗಳು ‘ಹೆಲಿಕೋ’ ಮತ್ತು ‘ಪ್ಟರ್’. ಮೊದಲನೆಯದು ಸುರುಳಿ, ಎರಡನೆಯದು ರೆಕ್ಕೆ. ಗ್ರೀಕಿನ ರೆಕ್ಕೆಯನ್ನು ಇಂಗ್ಲಿಷಿನ ಬಾಯಿ ಎರಡು ತುಂಡು ಮಾಡಿದೆ.

ಹಾಗಾಗಿ ಹಾಳೆಯ ಮೇಲೆ ಎರಡು ಸಾಲು ಬರೆಯುವ ಅಭ್ಯಾಸ ಒಳ್ಳೆಯದು. ಮೇಲಿನ ಸಾಲು ಬಾಯಿಗೆ, ಅಡ್ಡಗೆರೆ ಹಾಕಿ. ಕೆಳಗಿನ ಸಾಲು ಅರ್ಥಕ್ಕೆ, ಪ್ಲಸ್ ಗುರುತು ಹಾಕಿ.

ಸುಳ್ಳು ಭಾಗಗಳ ಬಗ್ಗೆಯೂ ಹುಷಾರಾಗಿರಿ. ಪೆಟ್ರೋಲ್ ಟ್ಯಾಂಕರ್‌ಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿರುತ್ತದೆ. ‘ಇನ್’ ಇದೆ ಅಂತ ‘ಉರಿಯದು’ ಅಂತ ಓದಿಕೊಂಡರೆ ಅಪಾಯ. ಇಲ್ಲಿ ‘ಇನ್’ ನಿಷೇಧದ್ದಲ್ಲ, ‘ಹೊತ್ತಿಸು’ ಅನ್ನುವ ಲ್ಯಾಟಿನ್ ಕ್ರಿಯಾಪದದ್ದು. ಬೇಗ ಹೊತ್ತಿಕೊಳ್ಳುತ್ತದೆ ಅಂತಲೇ ಅರ್ಥ. ‘ಹ್ಯಾಂಬರ್ಗರ್’ ಕೂಡ ಹ್ಯಾಮ್ ಮತ್ತು ಬರ್ಗರ್ ಅಲ್ಲ, ಜರ್ಮನಿಯ ಹ್ಯಾಂಬರ್ಗ್ ಊರಿನ ಹೆಸರಿಗೆ ‘ಅರ್’ ಸೇರಿದ್ದು. ಭಾಗಗಳಿಂದ ಅರ್ಥ ಊಹಿಸಿ, ಆದರೆ ಡಿಕ್ಷನರಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಆಸ್ಪತ್ರೆಯ ವಿಷಯವಾದರೆ ಡಾಕ್ಟರನ್ನೇ ಕೇಳಿ.

ಆರನೇ ಹೆಜ್ಜೆ: ಹಿಂದಿನಿಂದ ಕಟ್ಟುತ್ತಾ ಹೇಳಿ

ಮೊದಲಿನಿಂದ ಹೇಳಲು ಹೋದರೆ ನಡುವೆ ನಾಲಿಗೆ ತೊಡರುತ್ತದೆ, ಮತ್ತೆ ಮೊದಲಿನಿಂದ ಶುರು. ಕೊನೆ ಭಾಗಕ್ಕೆ ಅಭ್ಯಾಸವೇ ಆಗುವುದಿಲ್ಲ. ಅದಕ್ಕೆ ಬಾಲದಿಂದ ಕಟ್ಟಿ. ದೊಡ್ಡ ಆಸ್ಪತ್ರೆಗಳಲ್ಲಿ ಇಎನ್‌ಟಿ ವಿಭಾಗಕ್ಕೆ ‘ಓಟೋರೈನೋಲ್ಯಾರಿಂಗಾಲಜಿ’ ಅಂತ ಬೋರ್ಡ್ ಇರುತ್ತದೆ. 19 ಲೆಟರ್, 9 ಸಿಲಬಲ್.

ˈಗಾ-ಲ-ಜಿ
ಲ್ಯಾ-ರಿಂಗ್-ˈಗಾ-ಲ-ಜಿ
ರೈ-ನೋ-ಲ್ಯಾ-ರಿಂಗ್-ˈಗಾ-ಲ-ಜಿ
ಓ-ಟೋ-ರೈ-ನೋ-ಲ್ಯಾ-ರಿಂಗ್-ˈಗಾ-ಲ-ಜಿ

ಪ್ರತಿ ಸಾಲನ್ನೂ ನಾಲಿಗೆ ಸಲೀಸಾಗುವವರೆಗೆ ಹೇಳಿ, ಆಮೇಲೆ ಮುಂದಿನ ಸಾಲಿಗೆ ಹೋಗಿ. ‘ಗಾ’ ಮೇಲಿನ ಒತ್ತು ಯಾವ ಸಾಲಿನಲ್ಲೂ ಅಲುಗಾಡಬಾರದು. ಅರ್ಥದ ಸಾಲು ಹೀಗೆ: ಓಟೋ ಕಿವಿ, ರೈನೋ ಮೂಗು, ಲ್ಯಾರಿಂಗ್ ಧ್ವನಿಪೆಟ್ಟಿಗೆ, ಲಜಿ ಶಾಸ್ತ್ರ. ಕಿವಿ, ಮೂಗು, ಗಂಟಲು, ಅದೇ ಇಎನ್‌ಟಿಯ ಕ್ರಮದಲ್ಲಿ. ಮೂಗಿನ ಮೇಲೆ ಕೊಂಬಿರುವ ಘೇಂಡಾಮೃಗಕ್ಕೆ ರೈನೋ ಅನ್ನುವುದೂ ಈ ಮೂಗಿನಿಂದಲೇ.

ಡಿಕ್ಷನರಿ ನೋಡುವಾಗ ಬ್ರಿಟಿಷ್ ಮತ್ತು ಅಮೆರಿಕನ್ ಉಚ್ಚಾರಣೆ ಬೇರೆ ಇರಬಹುದು. ‘ಲ್ಯಾಬೊರೇಟರಿ’ ಬ್ರಿಟನ್ನಿನಲ್ಲಿ ಲ-ˈಬಾ-ರ-ಟ್ರಿ, ಅಮೆರಿಕದಲ್ಲಿ ˈಲ್ಯಾಬ್-ರ-ಟೋ-ರಿ. ಎರಡೂ ಸರಿ. ನಿಮಗೆ ಬೇಕಾದ ಒಂದನ್ನು ಹಿಡಿದುಕೊಂಡು ಅದರಲ್ಲೇ ನಿಲ್ಲಿ. ಇನ್ನೊಂದು, ಡಿಕ್ಷನರಿಯ ಮುಖ್ಯ ಪದದೊಳಗೆ ಕಾಣುವ ಚುಕ್ಕಿಗಳು ಸಾಲಿನ ಕೊನೆಯಲ್ಲಿ ಪದ ಮುರಿಯಲು ಇರುವಂಥವು. ಉಚ್ಚಾರಣೆಗೆ ಪಕ್ಕದಲ್ಲಿರುವ ˈ ಗುರುತನ್ನೇ ನೋಡಿ.

ಕಲಿತದ್ದನ್ನು ಪರೀಕ್ಷಿಸಲು ಒಂದು ಪದ ಕೊಡುತ್ತೇನೆ. 1935ರಲ್ಲಿ ಅಮೆರಿಕದ ನ್ಯಾಷನಲ್ ಪಜ್ಲರ್ಸ್ ಲೀಗ್‌ನ ಅಧ್ಯಕ್ಷ ಎವರೆಟ್ ಸ್ಮಿತ್, ಉದ್ದ ಇರಲಿ ಅಂತಲೇ 45 ಲೆಟರ್‌ಗಳ ಒಂದು ಪದ ಕಟ್ಟಿದರು. ಅರ್ಥದ ಸಾಲು: ನ್ಯೂಮನೋ + ಅಲ್ಟ್ರಾ + ಮೈಕ್ರೋಸ್ಕೋಪಿಕ್ + ಸಿಲಿಕೋ + ವಾಲ್ಕೇನೋ + ಕೋನಿ + ಓಸಿಸ್. ಶ್ವಾಸಕೋಶ, ತುಂಬಾ, ಕಣ್ಣಿಗೆ ಕಾಣದಷ್ಟು ಸಣ್ಣ, ಸಿಲಿಕಾ, ಜ್ವಾಲಾಮುಖಿ, ದೂಳು, ಕಾಯಿಲೆ. ಬಾಯಿಯ ಸಾಲು: ನ್ಯೂ-ಮ-ನೋ-ಅಲ್-ಟ್ರ-ಮೈ-ಕ್ರ-ಸ್ಕಾ-ಪಿಕ್-ಸಿ-ಲಿ-ಕೋ-ವಾಲ್-ಕೇ-ನೋ-ಕೋ-ನಿ-ˈಓ-ಸಿಸ್. 19 ಸಿಲಬಲ್. ‘ಓಸಿಸ್’ ಬಾಲವಿದ್ದರೆ ಒತ್ತು ಅದರ ‘ಓ’ ಮೇಲೆ. ಕಲ್ಲಿನ ಕ್ವಾರಿಗಳಲ್ಲಿ ದೂಳು ಕುಡಿದು ದುಡಿಯುವವರಿಗೆ ಬರುವ ಕಾಯಿಲೆಯನ್ನು ಡಾಕ್ಟರುಗಳು ಚಿಕ್ಕದಾಗಿ ಸಿ-ಲಿ-ˈಕೋ-ಸಿಸ್ ಅಂತ ಬರೆಯುತ್ತಾರೆ. ಅದರ ಎರಡು ಸಾಲುಗಳನ್ನು ಈಗ ನೀವೇ ಬರೆದು ನೋಡಿ. ಆಮೇಲೆ ಮನೆಯಲ್ಲಿರುವ ಯಾವುದಾದರೂ ರಿಪೋರ್ಟ್ ತೆಗೆದು, ಅದರಲ್ಲಿರುವ ಅತಿ ಉದ್ದದ ಪದದ ಬಾಲದ ಕೆಳಗೆ ಗೆರೆ ಎಳೆಯಿರಿ.